67 ಮತ್ತು 73: ಅಂಕಿಯ ಪಕ್ಕದ ಅಂಕಿಯನ್ನೂ ಅಚ್ಚು ಹಾಕಿ

ಸಂಪಾದಕರಿಗೆ,

ಮಾನ್ಯರೇ,

ಬಾಹ್ಯಾಕಾಶ ದೂರದರ್ಶಕಗಳ ಸುದ್ದಿ ಬಂದಾಗಲೆಲ್ಲ ಕನ್ನಡ ಪತ್ರಿಕೆಗಳಲ್ಲಿ ಎರಡು ಬಗೆಯ ತಲೆಬರಹ ಕಾಣುತ್ತೇವೆ. ಒಂದು ‘ವಿಶ್ವದ ರಹಸ್ಯ ಬಯಲು’, ಇನ್ನೊಂದು ‘ವಿಜ್ಞಾನಿಗಳಲ್ಲೇ ಗೊಂದಲ’. ಒಳಗಿನ ವರದಿ ಮಾತ್ರ ಎರಡರಲ್ಲೂ ಒಂದೇ: ವಿಶ್ವ ಹಿಗ್ಗುವ ವೇಗ 67 ಅನ್ನುವವರು ಕೆಲವರು, 73 ಅನ್ನುವವರು ಕೆಲವರು, ಕಾರಣ ಹಿಗ್ಗುವಿಕೆಗೆ ವೇಗ ಕೊಡುವ ಡಾರ್ಕ್ ಎನರ್ಜಿ ಇರಬಹುದು. ಈ 67 ಏನನ್ನು ಅಳೆದದ್ದು, ಯಾವುದರಿಂದ ಅಳೆದದ್ದು, ಅದರಲ್ಲಿ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬ ಒಂದು ಸಾಲೂ ಇರುವುದಿಲ್ಲ. ದಾವಣಗೆರೆ ಮತ್ತು ಚಿತ್ರದುರ್ಗದಲ್ಲಿ ಭೌತಶಾಸ್ತ್ರ ಕಲಿಸುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿರುವುದು ಆ ಒಂದು ಸಾಲಿಗಾಗಿ.

ಮೊದಲು ಅಂಕಿಯ ಅರ್ಥ. ದೂರದ ಗೆಲಾಕ್ಸಿಗಳು ನಮ್ಮಿಂದ ಸರಿದು ಹೋಗುತ್ತಿವೆ. ಹೆಚ್ಚು ದೂರದವು ಹೆಚ್ಚು ಬೇಗ. ಪ್ರತಿ ಒಂದು ಮೆಗಾಪಾರ್ಸೆಕ್ ದೂರಕ್ಕೆ, ಅಂದರೆ 32.6 ಲಕ್ಷ ಜ್ಯೋತಿರ್ವರ್ಷಕ್ಕೆ, ಈ ವೇಗ ಸೆಕೆಂಡಿಗೆ ಎಷ್ಟು ಕಿಲೋಮೀಟರ್ ಏರುತ್ತದೆ ಎಂಬುದೇ ಹಬಲ್ ಸ್ಥಿರಾಂಕ. ವಿಶ್ವದ ಬಾಲ್ಯದಿಂದ ಉಳಿದುಬಂದ ಮೈಕ್ರೋವೇವ್ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ತಂಡ 2018ರಲ್ಲಿ ಕೊಟ್ಟ ಬೆಲೆ 67.4 ± 0.5 (± ಪಕ್ಕದ ಅಂಕಿ ದೋಷಮಿತಿ, ಅಂದರೆ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದು). ಬೆಳಕು ಏರಿಳಿಯುವ ಸೆಫೀಡ್ ನಕ್ಷತ್ರ ಮತ್ತು ಸಿಡಿಯುವ ನಕ್ಷತ್ರಗಳಾದ ಸೂಪರ್‌ನೋವಾಗಳನ್ನು ಹಬಲ್ ದೂರದರ್ಶಕದಿಂದ ಅಳೆದ ‘ಷೂಸ್’ ತಂಡ 2022ರಲ್ಲಿ ಕೊಟ್ಟದ್ದು 73.0 ± 1.0. ಪಿಯು ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕ ಇದು: ಎರಡರ ಅಂತರ 5.6. ದೋಷಮಿತಿಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 1.1. ಅಂತರವನ್ನು ಅದರಿಂದ ಭಾಗಿಸಿದರೆ 5. ಭೌತಶಾಸ್ತ್ರದಲ್ಲಿ ಐದು ಪಟ್ಟು ಅಂದರೆ ಆಕಸ್ಮಿಕ ಎಂದು ತಳ್ಳಿಹಾಕಲಾಗದ ಮಟ್ಟ.

ಇದನ್ನೇ 2001ರ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಹಬಲ್ ದೂರದರ್ಶಕದ ಮುಖ್ಯ ಯೋಜನೆಗಳಲ್ಲೊಂದು ಆ ವರ್ಷ ಕೊಟ್ಟ ಉತ್ತರ 72 ± 8. ಅಂದರೆ 64ರಿಂದ 80ರವರೆಗೆ ಯಾವುದಾದರೂ ಸರಿಯೇ. 67 ಮತ್ತು 73 ಎರಡೂ ಅದರ ಹೊಟ್ಟೆಯೊಳಗೇ ಕೂರುತ್ತವೆ, ಜಗಳವೇ ಇಲ್ಲ. ಅದಕ್ಕೂ ಮೊದಲಿನ ದಶಕಗಳಲ್ಲಿ ಒಂದು ಗುಂಪು 50 ಅನ್ನುತ್ತಿತ್ತು, ಇನ್ನೊಂದು 100. ಈಗ ಕಾಣುತ್ತಿರುವ ಬಿಕ್ಕಟ್ಟು ಹುಟ್ಟಿದ್ದು ವಿಜ್ಞಾನಿಗಳ ಅಳತೆ ಕೆಟ್ಟದ್ದರಿಂದಲ್ಲ, ಅಳತೆ ಚೊಕ್ಕವಾದದ್ದರಿಂದ. ಪ್ಲಸ್-ಮೈನಸ್ ಅಂಕಿಯನ್ನು ಕತ್ತರಿಸಿ ಹಾಕಿದರೆ ಈ ವಿಷಯವೇ ಓದುಗರಿಗೆ ಮುಟ್ಟುವುದಿಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ‘ಕಪ್ಪು ಶಕ್ತಿ’, ‘ಕರಾಳ ಶಕ್ತಿ’ ಎಂಬ ಅನುವಾದಗಳು ನಡೆಯುತ್ತಿವೆ. ನಮ್ಮ ಊರುಗಳಲ್ಲಿ ಕರಾಳ ಶಕ್ತಿ ಅಂದರೆ ಜನರ ಮನಸ್ಸಿಗೆ ಬರುವುದು ಮಾಟ-ಮಂತ್ರ. ಕಪ್ಪು ಅಂದರೆ ಕಪ್ಪುಕುಳಿ. ಇಲ್ಲಿ ‘ಡಾರ್ಕ್’ ಎಂಬುದಕ್ಕೆ ಏನೆಂದು ಇನ್ನೂ ಗೊತ್ತಿಲ್ಲದ್ದು ಎಂದಷ್ಟೇ ಅರ್ಥ. ಡಾರ್ಕ್ ಎನರ್ಜಿ ಎಂದೇ ಬರೆದರೆ ಗೊಂದಲ ಕಡಿಮೆ. ಡಾರ್ಕ್ ಮ್ಯಾಟರ್ ಬೇರೆಯದೇ ವಸ್ತು: ಅದು ಸೆಳೆಯುತ್ತದೆ, ಗೆಲಾಕ್ಸಿಗಳನ್ನು ಹಿಡಿದಿಡುತ್ತದೆ, ಡಾರ್ಕ್ ಎನರ್ಜಿ ಹಿಗ್ಗುವಿಕೆಗೆ ವೇಗ ಕೊಡುತ್ತದೆ. ಇಂದಿನ ಲೆಕ್ಕದಲ್ಲಿ ವಿಶ್ವದ ಸುಮಾರು 68 ಭಾಗ ಡಾರ್ಕ್ ಎನರ್ಜಿ, 27 ಭಾಗ ಡಾರ್ಕ್ ಮ್ಯಾಟರ್, ನಾವು ನೀವು, ನಕ್ಷತ್ರ, ಅನಿಲ ಎಲ್ಲ ಸೇರಿ ಉಳಿದ 5.

ಇಷ್ಟು ದೂರವನ್ನು ಅಳೆಯುವುದಾದರೂ ಹೇಗೆ? ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಚಿತ್ರದುರ್ಗ ದಾಟುವವರು ಗುಡ್ಡದ ಸಾಲಿನ ಗಾಳಿಯಂತ್ರಗಳ ತಲೆಯ ಮೇಲೆ ಕೆಂಪು ದೀಪ ಮಿನುಗುವುದನ್ನು ನೋಡಿರುತ್ತಾರೆ. ಎಲ್ಲ ದೀಪವೂ ಒಂದೇ ವ್ಯಾಟಿನದು ಅಂದುಕೊಳ್ಳಿ. ಹಾಗಿದ್ದರೆ ಮಂಕಾಗಿ ಕಾಣುವುದು ದೂರದ್ದು. ನಾಲ್ಕನೇ ಒಂದು ಪಾಲು ಬೆಳಕಷ್ಟೇ ಬಂದರೆ ಅದು ಎರಡು ಪಟ್ಟು ದೂರದಲ್ಲಿದೆ. ಖಗೋಳದಲ್ಲಿ ಹೀಗೆ ‘ವ್ಯಾಟ್ ಗೊತ್ತಿರುವ’ ದೀಪ ಮುಖ್ಯವಾಗಿ ಎರಡು. ಹತ್ತಿರಕ್ಕೆ ಸೆಫೀಡ್ ನಕ್ಷತ್ರ: ಅದು ಎಷ್ಟು ದಿನಕ್ಕೊಮ್ಮೆ ಏರಿ ಇಳಿಯುತ್ತದೆ ಎಂಬುದರಿಂದಲೇ ಅದರ ನಿಜವಾದ ಪ್ರಕಾಶ ತಿಳಿಯುತ್ತದೆ, ಹೆನ್ರಿಯೆಟಾ ಲೆವಿಟ್ 1912ರಲ್ಲಿ ತೋರಿಸಿಕೊಟ್ಟಂತೆ. ದೂರಕ್ಕೆ 1ಎ ಬಗೆಯ ಸೂಪರ್‌ನೋವಾ: ಶ್ವೇತ ಕುಬ್ಜ ನಕ್ಷತ್ರದ ಸ್ಫೋಟ, ಒಂದು ಇಡೀ ಗೆಲಾಕ್ಸಿಯ ಬೆಳಕಿಗೆ ಸರಿಸಾಟಿ.

ಸೂಪರ್‌ನೋವಾಗಳೆಲ್ಲ ಒಂದೇ ವ್ಯಾಟ್ ಎಂದು ಶಾಲಾ ಪುಸ್ತಕದ ಮಟ್ಟದಲ್ಲಿ ಹೇಳಿಬಿಡುತ್ತಾರೆ. ಹಾಗಿಲ್ಲ. ನಿಧಾನಕ್ಕೆ ಆರುವವು ಹೆಚ್ಚು ಪ್ರಕಾಶದವು, ಬೇಗ ಆರುವವು ಕಡಿಮೆ. ಶಿಖರ ಮುಟ್ಟಿದ ನಂತರದ 15 ದಿನದಲ್ಲಿ ಎಷ್ಟು ಮಂಕಾಯಿತು ಎಂದು ಅಳೆದು, ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕು. ಮಾರ್ಕ್ ಫಿಲಿಪ್ಸ್ ಇದನ್ನು 1993ರಲ್ಲಿ ತೋರಿಸಿದ ಮೇಲೆಯೇ ಈ ದೀಪಗಳು ಅಳತೆಗೆ ಯೋಗ್ಯವಾದದ್ದು. ಧೂಳಿನ ತಿದ್ದುಪಡಿಯೂ ಬೇಕು. ನಡುವೆ ಧೂಳಿದ್ದರೆ ಬೆಳಕು ಮಂಕಾಗುತ್ತದೆ, ದೂರ ಹೆಚ್ಚಾಗಿ ತೋರುತ್ತದೆ. ಆದರೆ ಧೂಳು ನೀಲಿಯನ್ನು ಹೆಚ್ಚು ನುಂಗಿ ಕೆಂಪನ್ನು ಬಿಡುವುದರಿಂದ ಎರಡು ಬಣ್ಣದಲ್ಲಿ ಚಿತ್ರ ತೆಗೆದರೆ ಮೋಸ ಸಿಕ್ಕಿಬೀಳುತ್ತದೆ.

ಒಂದು ಗೆಲಾಕ್ಸಿಯಲ್ಲಿ ಇಂಥ ಸ್ಫೋಟ ಕೆಲವು ಶತಮಾನಕ್ಕೊಮ್ಮೆ ಮಾತ್ರ. ಆದ್ದರಿಂದ ಸಾವಿರಾರು ಗೆಲಾಕ್ಸಿಗಳಿರುವ ಆಕಾಶದ ತುಂಡನ್ನು ಅಮಾವಾಸ್ಯೆ ಕಳೆದ ಕೂಡಲೇ ಒಮ್ಮೆ ಚಿತ್ರ ತೆಗೆದು, ಮೂರು ವಾರ ಬಿಟ್ಟು ಮುಂದಿನ ಅಮಾವಾಸ್ಯೆಗೆ ಮೊದಲು ಇನ್ನೊಮ್ಮೆ ತೆಗೆದು, ಎರಡನೆಯದರಲ್ಲಿ ಮೊದಲನೆಯದನ್ನು ಕಳೆಯುವುದು. ಉಳಿದ ಚುಕ್ಕೆ ಹೊಸದು. 1998ರಲ್ಲಿ ಎರಡು ತಂಡಗಳು ಈ ದಾರಿಯಲ್ಲೇ ಹೋದವು: ಸಾಲ್ ಪರ್ಲ್‌ಮಟರ್ ತಂಡದ ಬಳಿ ದೂರದ 42 ಸೂಪರ್‌ನೋವಾ, ಬ್ರಯನ್ ಶ್ಮಿಟ್ ಮತ್ತು ಆಡಂ ರೀಸ್ ತಂಡದ ಬಳಿ 16. ಗುರುತ್ವದಿಂದ ಹಿಗ್ಗುವಿಕೆ ನಿಧಾನವಾಗುತ್ತಿರಬೇಕು ಎಂಬ ನಿರೀಕ್ಷೆಯಲ್ಲಿ ಹೊರಟವರಿಗೆ ಸಿಕ್ಕದ್ದು ತಿರುವುಮುರುವು. ದೀಪಗಳು ಇರಬೇಕಾದದ್ದಕ್ಕಿಂತ ಮಂಕಾಗಿದ್ದವು, ದೂರ ಶೇಕಡ 10ರಿಂದ 15 ಹೆಚ್ಚಿತ್ತು. ಸುಮಾರು 500 ಕೋಟಿ ವರ್ಷಗಳಿಂದ ಹಿಗ್ಗುವಿಕೆ ಚುರುಕಾಗುತ್ತಿದೆ ಎಂದಾಯಿತು. 2011ರ ನೊಬೆಲ್ ಈ ಮೂವರಿಗೆ ಬಂದದ್ದು ಇದಕ್ಕೇ.

‘ನೆಲದ ಮೇಲೆ ಅಷ್ಟು ದೊಡ್ಡ ದೂರದರ್ಶಕಗಳಿರುವಾಗ ಬಾಹ್ಯಾಕಾಶಕ್ಕೆ ಯಾಕೆ ಕಳಿಸಬೇಕು’ ಎಂದು ತರಗತಿಯಲ್ಲಿ ಪ್ರತಿ ವರ್ಷ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜಲಜನಕದ ಕೆಂಪು ರೋಹಿತ ರೇಖೆ 656 ನ್ಯಾನೊಮೀಟರಿನದು. ಕೆಂಪು ಪಲ್ಲಟ 1 ಇರುವ, ಅಂದರೆ ಬೆಳಕಿನ ಅಲೆ ದಾರಿಯಲ್ಲಿ ಎರಡು ಪಟ್ಟು ಉದ್ದವಾಗುವಷ್ಟು ದೂರದ ಗೆಲಾಕ್ಸಿಯಿಂದ ಅದು ನಮ್ಮನ್ನು ಮುಟ್ಟುವಾಗ ಹಿಗ್ಗಿ 1,313 ನ್ಯಾನೊಮೀಟರ್ ಆಗಿರುತ್ತದೆ, ಅಂದರೆ ಅವಕೆಂಪು. ಆ ಬಣ್ಣದಲ್ಲಿ ನಮ್ಮ ವಾತಾವರಣವೇ ಮೇಲ್ಪದರದಲ್ಲಿ ಬೆಳಗುತ್ತಿರುತ್ತದೆ, ನೀರಾವಿ ಕೆಲವು ಪಟ್ಟಿಗಳನ್ನು ಪೂರ್ತಿ ನುಂಗುತ್ತದೆ. ಸಾಲದ್ದಕ್ಕೆ ಗಾಳಿಯ ಅಲುಗಾಟ ಚುಕ್ಕೆಯನ್ನು ಸುಮಾರು ಒಂದು ಆರ್ಕ್ ಸೆಕೆಂಡಿನಷ್ಟು (ಡಿಗ್ರಿಯ 3,600ನೇ ಒಂದು ಪಾಲು) ಅಗಲಕ್ಕೆ ಕಲಸಿಬಿಡುತ್ತದೆ; ದೂರದ ಗೆಲಾಕ್ಸಿಯ ಇಡೀ ಗಾತ್ರವೇ ಅಷ್ಟಿಲ್ಲ.

ಆಕಾರ ಕಲಸಿಹೋದರೆ ಮುಖ್ಯ ಸಾಕ್ಷ್ಯವೇ ಹೋದಂತೆ. ನಡುವಿನ ಡಾರ್ಕ್ ಮ್ಯಾಟರ್ ಮಸೂರದಂತೆ ಬೆಳಕನ್ನು ಬಾಗಿಸಿ ಹಿಂದಿನ ಗೆಲಾಕ್ಸಿಗಳನ್ನು ಎಳೆದಂತೆ ತೋರಿಸುತ್ತದೆ, ಆದರೆ ಶೇಕಡ ಒಂದರಷ್ಟು ಮಾತ್ರ. ಒಂದೇ ಗೆಲಾಕ್ಸಿ ನೋಡಿದರೆ ಏನೂ ಗೊತ್ತಾಗದು, ಅದು ಹುಟ್ಟಿನಿಂದಲೇ ಉದ್ದವಾಗಿದ್ದಿರಬಹುದು. ಸಾವಿರಾರು ಗೆಲಾಕ್ಸಿಗಳ ಸರಾಸರಿ ತೆಗೆದಾಗ ಎಲ್ಲವೂ ಒಂದೇ ಕಡೆಗೆ ಅಷ್ಟಿಷ್ಟು ವಾಲಿರುವುದು ಕಾಣುತ್ತದೆ. ಬೇರೆ ಬೇರೆ ದೂರದಲ್ಲಿ ಈ ವಾಲಿಕೆ ಎಷ್ಟು ಎಂದು ನೋಡಿದರೆ, ದ್ರವ್ಯ ಗುಂಪುಗೂಡುವುದನ್ನು ಡಾರ್ಕ್ ಎನರ್ಜಿ ಯಾವ ಕಾಲದಲ್ಲಿ ಎಷ್ಟು ತಡೆದಿದೆ ಎಂದು ತಿಳಿಯುತ್ತದೆ.

2023ರ ಜುಲೈ 1ರಂದು ಉಡಾಯಿಸಿದ ಯುರೋಪಿನ ಯೂಕ್ಲಿಡ್ ದೂರದರ್ಶಕ ಕಟ್ಟಿದ್ದೇ ಇದಕ್ಕೆ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಕನ್ನಡಿಯ ಅಡ್ಡಳತೆ 1.2 ಮೀಟರ್ ಮಾತ್ರ, ಹಬಲ್‌ನ ಅರ್ಧ. ಆದರೆ 36 ಸಿಸಿಡಿ (ಬೆಳಕು ಹಿಡಿಯುವ ಚಿಪ್) ಸೇರಿಸಿದ ಅದರ 60 ಕೋಟಿ ಪಿಕ್ಸೆಲ್ ಕ್ಯಾಮೆರಾ ಒಂದು ಏಟಿಗೆ ಎರಡೂವರೆ ಪೂರ್ಣಚಂದ್ರರಷ್ಟು ಆಕಾಶ ಹಿಡಿಯುತ್ತದೆ. ಆರು ವರ್ಷದಲ್ಲಿ 14,000 ಚದರ ಡಿಗ್ರಿ, ಅಂದರೆ ಆಕಾಶದ ಮೂರನೇ ಒಂದು ಪಾಲು ಮುಗಿಸಬೇಕು ಎಂಬುದು ಯೋಜನೆ. ಅದರ ಮೊದಲ ಎಂಟು-ಹತ್ತು ತಿಂಗಳ ಕಥೆ ನಮ್ಮ ಪತ್ರಿಕೆಗಳಲ್ಲಿ ಬರಲೇಬೇಕಾಗಿತ್ತು. ಚಂದದ ಚಿತ್ರ ಬಂತು, ಕಥೆ ಬರಲಿಲ್ಲ.

ಮೊದಲಿಗೆ ದಿಕ್ಕು ಹಿಡಿಯುವ ಸಂವೇದಕ ತಪ್ಪಿತು. ಗುರುತಿನ ನಕ್ಷತ್ರಗಳನ್ನು ನೋಡಿಕೊಂಡು ಅದು ದೂರದರ್ಶಕವನ್ನು ಅಲುಗದಂತೆ ಹಿಡಿಯಬೇಕು. ವಿಶ್ವಕಿರಣಗಳು ಬಡಿದು ಮೂಡಿಸಿದ ಚುಕ್ಕೆಗಳ ನಡುವೆ ನಿಜವಾದ ನಕ್ಷತ್ರ ಕೈತಪ್ಪಿ ಹೋಗುತ್ತಿತ್ತು. ಚಿತ್ರದಲ್ಲಿ ನಕ್ಷತ್ರಗಳು ಚುಕ್ಕೆಯಾಗುವ ಬದಲು ಸುರುಳಿ ಸುರುಳಿ ಗೆರೆಯಾದವು. ಹೊಸ ಸಾಫ್ಟ್‌ವೇರ್ ಕಳಿಸಿ ಅಕ್ಟೋಬರ್ ಹೊತ್ತಿಗೆ ಸರಿಪಡಿಸಿದರು. ನವೆಂಬರಿನಲ್ಲಿ ಇನ್ನೊಂದು: ಒಂದೇ ನಕ್ಷತ್ರಗಳನ್ನು ಮತ್ತೆ ಮತ್ತೆ ಅಳೆದಾಗ ಬೆಳಕು ಸ್ವಲ್ಪ ಸ್ವಲ್ಪ ಕಡಿಮೆ ಬರುತ್ತಿರುವುದು ಕಂಡಿತು. ಭೂಮಿಯ ಮೇಲೆ ಜೋಡಿಸುವಾಗ ಉಷ್ಣನಿರೋಧಕ ಹೊದಿಕೆ ಹೀರಿಕೊಂಡಿದ್ದ ನೀರಾವಿ ನಿರ್ವಾತದಲ್ಲಿ ಬಿಡುಗಡೆಯಾಗಿ ಕನ್ನಡಿಯ ಮೇಲೆ ಹಿಮವಾಗಿ ಕೂತಿತ್ತು, ಡಿಎನ್‌ಎ ಎಳೆಯಷ್ಟು ತೆಳ್ಳಗೆ. ಇಡೀ ನೌಕೆಯನ್ನು ಬಿಸಿ ಮಾಡಿದರೆ ಹಿಮ ಹೋಗುತ್ತದೆ, ಜೊತೆಗೆ ಲೋಹವೆಲ್ಲ ಹಿಗ್ಗಿ ಕನ್ನಡಿಗಳ ಹೊಂದಾಣಿಕೆಯೂ ಹೋಗುತ್ತದೆ. ಹಾಗಾಗಿ ಒಂದೊಂದೇ ಕನ್ನಡಿ ಬಿಸಿ ಮಾಡಲು ಹೊರಟರು. 2024ರ ಮಾರ್ಚಿನಲ್ಲಿ ಮೊದಲ ಕನ್ನಡಿಯನ್ನು ಮೈನಸ್ 147 ಡಿಗ್ರಿಯಿಂದ ಮೈನಸ್ 113ಕ್ಕೆ ಏರಿಸಿದರು, ಕೇವಲ 34 ಡಿಗ್ರಿ. ನೂರು ನಿಮಿಷದಲ್ಲಿ ಫಲ ಸಿಕ್ಕಿತು: ಬೆಳಕು ಶೇಕಡ 15 ಹೆಚ್ಚು ಬರತೊಡಗಿತು.

ನಮ್ಮ ವಿದ್ಯಾರ್ಥಿಗಳು ಓದಬೇಕಾದದ್ದು ಇಂಥದ್ದನ್ನು. ಹದಿನೈದು ಲಕ್ಷ ಕಿಲೋಮೀಟರ್ ದೂರದ ಕನ್ನಡಿಯಲ್ಲಿ ಹಿಮ ಕೂತಿದೆ ಎಂದು ಕಣ್ಣಿಗೆ ಕಾಣದೆ, ಅಂಕಿಯ ಇಳಿತದಿಂದಲೇ ಪತ್ತೆ ಹಚ್ಚಿದ್ದು ದೊಡ್ಡ ಕೆಲಸ. ಇನ್ನೂ ಸೂಕ್ಷ್ಮವಾದ ತೊಂದರೆಯೂ ಇದೆ. ವಿಕಿರಣ ಬಡಿದು ಬಡಿದು ಸಿಸಿಡಿಯಲ್ಲಿ ಸಣ್ಣ ಗಾಯಗಳಾಗುತ್ತವೆ. ಎಲೆಕ್ಟ್ರಾನುಗಳನ್ನು ಸಾಲಾಗಿ ಹೊರಗೆ ಸಾಗಿಸುವಾಗ ಕೆಲವು ಅಲ್ಲಿ ಸಿಕ್ಕಿ ತಡವಾಗಿ ಬರುತ್ತವೆ. ಚಿತ್ರದಲ್ಲಿ ಪ್ರತಿ ಗೆಲಾಕ್ಸಿಗೂ ಒಂದೇ ದಿಕ್ಕಿಗೆ ಸಣ್ಣ ಬಾಲ ಬರುತ್ತದೆ. ಮಸೂರ ಪರಿಣಾಮವೂ ಗೆಲಾಕ್ಸಿಗಳನ್ನು ಒಂದೇ ದಿಕ್ಕಿಗೆ ಎಳೆಯುವುದೇ ಆದ್ದರಿಂದ, ಇದನ್ನು ಲೆಕ್ಕ ಹಾಕಿ ತೆಗೆಯದಿದ್ದರೆ ಕ್ಯಾಮೆರಾದ ಗಾಯವನ್ನೇ ಡಾರ್ಕ್ ಮ್ಯಾಟರ್ ಎಂದು ಓದಿಬಿಡುತ್ತೇವೆ.

ಹಾಗಾದರೆ 67-73ರ ಜಗಳದಲ್ಲಿ ತಪ್ಪು ಯಾರದು? ಒಂದು ಅನುಮಾನ ಸೆಫೀಡ್‌ಗಳ ಮೇಲಿತ್ತು. ದೂರದ ಗೆಲಾಕ್ಸಿಯಲ್ಲಿ ಅಕ್ಕಪಕ್ಕದ ನಕ್ಷತ್ರಗಳ ಬೆಳಕು ಸೆಫೀಡ್ ಜೊತೆ ಕಲೆತು, ಅದು ಹೆಚ್ಚು ಪ್ರಕಾಶವಾಗಿ, ಅಂದರೆ ಹತ್ತಿರವಿದ್ದಂತೆ ಕಾಣುತ್ತಿರಬಹುದು. 6.5 ಮೀಟರ್ ಕನ್ನಡಿಯ ಜೇಮ್ಸ್ ವೆಬ್ ದೂರದರ್ಶಕ ಅವಕೆಂಪಿನಲ್ಲಿ ಅವನ್ನು ಬಿಡಿಸಿ ನೋಡಿತು. 2024ರಲ್ಲಿ ರೀಸ್ ತಂಡ ಸಾವಿರಕ್ಕೂ ಹೆಚ್ಚು ಸೆಫೀಡ್‌ಗಳನ್ನು, 13 ಕೋಟಿ ಜ್ಯೋತಿರ್ವರ್ಷ ದೂರದವರೆಗೆ, ಹೋಲಿಸಿ ಹಬಲ್ ಅಳತೆ ಸರಿಯಾಗಿಯೇ ಇತ್ತು ಎಂದಿತು. ವೆಂಡಿ ಫ್ರೀಡ್‌ಮನ್ ಅವರ ತಂಡ ವೆಬ್‌ನಿಂದಲೇ ಬೇರೆ ಬಗೆಯ ನಕ್ಷತ್ರಗಳನ್ನೂ ಬಳಸಿ ಅಳೆದಾಗ 70ರ ಆಸುಪಾಸು ಬಂತು. ವಿಷಯ ಇತ್ಯರ್ಥವಾಗಿಲ್ಲ ಎಂದು ಬರೆದರೆ ಸರಿ. ‘ಗೊಂದಲ’ ಎಂದು ಬರೆದರೆ ತಪ್ಪು.

2025ರ ಮಾರ್ಚಿನಲ್ಲಿ ಬಂದ ಡೆಸಿ ಫಲಿತಾಂಶದ ವರದಿಗೂ ಇದೇ ಗತಿಯಾಯಿತು. ಡೆಸಿ ಬಾಹ್ಯಾಕಾಶದಲ್ಲಿಲ್ಲ, ಅಮೆರಿಕದ ಕಿಟ್ ಪೀಕ್‌ನಲ್ಲಿ 4 ಮೀಟರ್ ದೂರದರ್ಶಕಕ್ಕೆ 5,000 ಆಪ್ಟಿಕಲ್ ಫೈಬರ್ ಜೋಡಿಸಿ ಗೆಲಾಕ್ಸಿಗಳ ಕೆಂಪು ಪಲ್ಲಟ ಅಳೆಯುವ ಯಂತ್ರ. ಡಾರ್ಕ್ ಎನರ್ಜಿ ಐನ್‌ಸ್ಟೈನ್ 1917ರಲ್ಲಿ ಬರೆದ ಸ್ಥಿರಾಂಕದಂತೆ ಬದಲಾಗದೆ ಉಳಿಯುವ ಬದಲು, ಕಾಲಕ್ರಮದಲ್ಲಿ ದುರ್ಬಲವಾಗುತ್ತಿರಬಹುದು ಎಂಬ ಸುಳಿವು ಅದರಲ್ಲಿತ್ತು. ಸುಳಿವಿನ ಬಲ ದೋಷಮಿತಿಯ 2.8ರಿಂದ 4.2 ಪಟ್ಟು, ಅದೂ ಯಾವ ಸೂಪರ್‌ನೋವಾ ಪಟ್ಟಿ ಜೊತೆಗಿಟ್ಟರು ಎಂಬುದರ ಮೇಲೆ. ಐದು ಮುಟ್ಟಿಲ್ಲ, ಪಟ್ಟಿ ಬದಲಾದರೆ ಬಲವೂ ಬದಲಾಗುತ್ತದೆ. ಈ ಎರಡು ಮಾತು ಬಿಟ್ಟು ‘ಐನ್‌ಸ್ಟೈನ್ ಸಿದ್ಧಾಂತ ಸುಳ್ಳು’ ಎಂದು ಅಚ್ಚಾದರೆ ಓದುಗರಿಗೆ ಅನ್ಯಾಯ. 2.4 ಮೀಟರ್ ಕನ್ನಡಿಯ ನಾಸಾದ ನ್ಯಾನ್ಸಿ ಗ್ರೇಸ್ ರೋಮನ್ ದೂರದರ್ಶಕದ ಫಲಿತಾಂಶಗಳು ಬರತೊಡಗಿದಾಗ ಇಂಥ ಅಂಕಿಗಳು ಇನ್ನೂ ಹೆಚ್ಚುತ್ತವೆ.

ನಮ್ಮ ಎರಡನೇ ಕೋರಿಕೆ ಪಿಯು ಮತ್ತು ಪದವಿ ಕಾಲೇಜುಗಳಿಗೆ. ಇದರಲ್ಲಿ ಎರಡು ಕೆಲಸವನ್ನು ದಾವಣಗೆರೆ, ಚಿತ್ರದುರ್ಗದಲ್ಲೇ ಕೂತು ಮಾಡಬಹುದು, ಖರ್ಚಿಲ್ಲದೆ.

ಒಂದಕ್ಕೆ ದೂರದರ್ಶಕವೂ ಬೇಡ. ಅಕ್ಟೋಬರ್ ಸಂಜೆ ಏಳೂವರೆಗೆ ಊರ ದೀಪ ಬಿಟ್ಟು ಹೊಲದ ಕಡೆ ಹೋಗಿ ನೆತ್ತಿಯ ಬಳಿ ಶ್ರವಣ ನಕ್ಷತ್ರ ಹುಡುಕಿ. ಅಲ್ಲಿಂದ ಎಂಟು ಡಿಗ್ರಿ ದಕ್ಷಿಣಕ್ಕೆ, ಅಂದರೆ ಚಾಚಿದ ಕೈಯ ಮುಷ್ಟಿಗಿಂತ ಸ್ವಲ್ಪ ಕಡಿಮೆ, ಈಟಾ ಅಕ್ವಿಲೆ ಇದೆ. ಅದೇ ಒಂದು ಸೆಫೀಡ್: 7 ದಿನ 4 ಗಂಟೆಗೊಮ್ಮೆ ಸುಮಾರು 3.5ರಿಂದ 4.4 ಮ್ಯಾಗ್ನಿಟ್ಯೂಡ್ ನಡುವೆ ಏರಿಳಿಯುತ್ತದೆ (ಇದು ಪ್ರಕಾಶದ ಅಳತೆ, ಅಂಕಿ ಕಡಿಮೆಯಾದಷ್ಟೂ ಪ್ರಕಾಶ ಹೆಚ್ಚು). ಏರುವುದು ಬೇಗ, ಇಳಿಯುವುದು ನಿಧಾನ. ಪಕ್ಕದ ಬೀಟಾ (3.7) ಮತ್ತು ಅಯೋಟಾ (4.4) ಅಕ್ವಿಲೆಗೆ ಹೋಲಿಸಿ ಪ್ರತಿ ರಾತ್ರಿ ಒಂದು ಅಂಕಿ ಬರೆಯಿರಿ, ಮೂರು ವಾರ. ಹಿಂದಿನ ದಿನದ ಅಂಕಿ ನೋಡಿಕೊಂಡು ಬರೆಯಬಾರದು, ಕಣ್ಣು ಅದಕ್ಕೇ ಒಗ್ಗಿಕೊಳ್ಳುತ್ತದೆ. ಹುಣ್ಣಿಮೆ ಆಸುಪಾಸಿನ ಅಂಕಿಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ.

ಎರಡನೆಯದಕ್ಕೆ ಕಂಪ್ಯೂಟರ್ ಸಾಕು. ‘ಪ್ಯಾಂಥಿಯನ್ ಪ್ಲಸ್’ ಪಟ್ಟಿ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಮುಕ್ತ. 1,550 ಸೂಪರ್‌ನೋವಾಗಳ 1,701 ಸಾಲು. ಸ್ಪ್ರೆಡ್‌ಶೀಟಿಗೆ ಹಾಕಿ ಎರಡು ಕಂಬಸಾಲು ಮಾತ್ರ ಇಟ್ಟುಕೊಳ್ಳಿ: ಕೆಂಪು ಪಲ್ಲಟ ಝಡ್ ಮತ್ತು ದೂರಸೂಚಿ ಮ್ಯೂ. ಮ್ಯೂನಿಂದ 25 ಕಳೆದು, 5ರಿಂದ ಭಾಗಿಸಿ, 10ರ ಘಾತಕ್ಕೇರಿಸಿದರೆ ಮೆಗಾಪಾರ್ಸೆಕ್‌ನಲ್ಲಿ ದೂರ. ಝಡ್ 0.023ರಿಂದ 0.1ರವರೆಗಿನ ಸಾಲುಗಳಲ್ಲಿ ಝಡ್ ಅನ್ನು 3 ಲಕ್ಷದಿಂದ (ಸೆಕೆಂಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬೆಳಕಿನ ವೇಗ) ಗುಣಿಸಿ ದೂರದೆದುರು ನಕ್ಷೆ ಬರೆಯಿರಿ. ಇಳಿಜಾರು 70ರ ಆಸುಪಾಸು ಬರುತ್ತದೆ. ಝಡ್ 0.01ಕ್ಕಿಂತ ಕಡಿಮೆಯವನ್ನು ಸೇರಿಸಿದರೆ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗುತ್ತವೆ. ಹತ್ತಿರದ ಗೆಲಾಕ್ಸಿಗಳಿಗೆ ಪಕ್ಕದವುಗಳ ಸೆಳೆತದಿಂದ ಸೆಕೆಂಡಿಗೆ ಮುನ್ನೂರು ಕಿಲೋಮೀಟರಿನಷ್ಟು ಸ್ವಂತ ಓಟವಿರುತ್ತದೆ, ಹಿಗ್ಗುವಿಕೆಯ ವೇಗವೇ 1,500 ಇರುವಾಗ ಅದು ಐದನೇ ಒಂದು ಪಾಲು.

ದೂರ ಹೆಚ್ಚಿದಂತೆ ಇಳಿಜಾರು ನೆಟ್ಟಗೆ ಉಳಿಯುವುದಿಲ್ಲ, ಅದಕ್ಕೆ ಗಾಬರಿ ಬೇಡ. ಡಾರ್ಕ್ ಎನರ್ಜಿ ಕಾಣುವುದು ಅಲ್ಲೇ. ದ್ರವ್ಯ ಮಾತ್ರ ಇರುವ ವಿಶ್ವದಲ್ಲಿ, ಹಬಲ್ ಸ್ಥಿರಾಂಕ 73 ಎಂದಿಟ್ಟುಕೊಂಡರೆ, ಝಡ್ 0.5ಕ್ಕೆ ಮ್ಯೂ 41.77 ಇರಬೇಕು. ಪಟ್ಟಿಯಲ್ಲಿ ಆ ಝಡ್ ಸುತ್ತಲಿನ ಸಾಲುಗಳ ಸರಾಸರಿ ತೆಗೆದು ನೋಡಿ, ಸುಮಾರು 0.4 ಹೆಚ್ಚಿರುತ್ತದೆ, ಅಂದರೆ ಬೆಳಕು ಶೇಕಡ 30ರಷ್ಟು ಕಡಿಮೆ. ಒಂದೇ ಸಾಲು ನೋಡಿ ತೀರ್ಮಾನಿಸಬೇಡಿ, ಒಂದೊಂದೂ 0.2ರಷ್ಟು ಅತ್ತಿತ್ತ ಇರುತ್ತದೆ, ಇಪ್ಪತ್ತು ಮೂವತ್ತು ಸಾಲಿನ ಸರಾಸರಿ ಬೇಕು. ಇನ್ನೊಂದು ಎಚ್ಚರಿಕೆ: ಹತ್ತಿರದ ಸಾಲುಗಳಿಂದ 73ರ ಸುತ್ತ ಬಂದರೆ, 67 ತಪ್ಪೆಂದು ನಾವೇ ಸಾಬೀತು ಮಾಡಿದೆವು ಎಂದು ವರದಿ ಬರೆಯಬೇಡಿ. ಆ ಮ್ಯೂ ಕಂಬಸಾಲನ್ನು ಷೂಸ್ ತಂಡದ ಸೆಫೀಡ್ ಅಳತೆಗೆ ಹೊಂದಿಸಿಯೇ ಕೊಟ್ಟಿರುವುದು. 73 ಅದರೊಳಗೇ ಇದೆ. 0.4ರ ವ್ಯತ್ಯಾಸ ಮಾತ್ರ ಆ ಹೊಂದಾಣಿಕೆಯನ್ನು ಅವಲಂಬಿಸಿಲ್ಲ, ಹಬಲ್ ಸ್ಥಿರಾಂಕ 67 ಇಟ್ಟು ಎರಡೂ ಕಡೆ ತಿದ್ದಿದರೂ ಅದು ಹಾಗೇ ಉಳಿಯುತ್ತದೆ.

ಇಂಥ ನಕ್ಷೆಯನ್ನು ನಮ್ಮ ಜಿಲ್ಲೆಗಳ ವಿದ್ಯಾರ್ಥಿಗಳು ಬರೆದು ಕಳಿಸಿದರೆ ತಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಜಾಗ ಕೊಡಿ. ಪ್ರತಿ ಚುಕ್ಕೆಯ ಮೇಲೆ ಕೆಳಗೆ ದೋಷಮಿತಿಯ ಗೆರೆ ಇರುತ್ತದೆ, ಜಾಗ ಉಳಿಸಲೆಂದು ಅದನ್ನು ಅಳಿಸಬೇಡಿ.

ಇಂತಿ ತಮ್ಮ ವಿಶ್ವಾಸಿಗಳು,
ಭೌತಶಾಸ್ತ್ರ ಬೋಧಕರು
ದಾವಣಗೆರೆ ಮತ್ತು ಚಿತ್ರದುರ್ಗ